ಯಾರ್ಕ್ ಮಿನ್‌ಸ್ಟರ್ ಮತ್ತು ಅಕ್ಕಪಕ್ಕದ ಹಳೆಯ ಕಟ್ಟಡಗಳು: ಒಂದೇ ದಿನದಲ್ಲಿ ಸರಿಯಾಗಿ ನೋಡುವ ಕ್ರಮ

ಇಂಗ್ಲೆಂಡಿನ ಯಾರ್ಕ್‌ಗೆ ಹೋಗಿ ಬಂದವರ ದೂರು ಹೆಚ್ಚುಕಡಿಮೆ ಒಂದೇ. ಶ್ಯಾಂಬಲ್ಸ್ ಓಣಿಯಲ್ಲಿ ಫೋಟೊ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಊರಿನ ದೊಡ್ಡ ಚರ್ಚಾದ ಮಿನ್‌ಸ್ಟರ್ ಹತ್ತಿರ ಬಂದಾಗ ಗೋಪುರದ ಟಿಕೆಟ್ ಮುಗಿದಿತ್ತು. ಬಣ್ಣದ ಗಾಜಿನ ದೊಡ್ಡ ಕಿಟಕಿ ಮಂಕಾಗಿತ್ತು. ಹೊರಗೆ ಬರುವಷ್ಟರಲ್ಲಿ ಉಳಿದ ಕಟ್ಟಡಗಳ ಬಾಗಿಲು ಹಾಕಿತ್ತು. ಊರು ಚಿಕ್ಕದು, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದೆ. ಅದಕ್ಕೇ ಯಾರೂ ಮೊದಲೇ ಯೋಚಿಸಿ ಹೋಗುವುದಿಲ್ಲ.

ಇಲ್ಲಿರುವ ಕ್ರಮವನ್ನು ಎರಡು ವಿಷಯ ನೋಡಿಕೊಂಡು ಮಾಡಿದ್ದೇನೆ: ಬಿಸಿಲು ಯಾವಾಗ ಯಾವ ಕಡೆ ಇರುತ್ತದೆ, ಯಾವ ಬಾಗಿಲು ಯಾವಾಗ ಮುಚ್ಚುತ್ತದೆ. ಮ್ಯಾಪಿನಲ್ಲಿ ಹತ್ತಿರ ಕಂಡದ್ದನ್ನೆಲ್ಲ ಹಾಗೇ ನೋಡುತ್ತ ಹೋದರೆ ಇವೆರಡೂ ಕೈಕೊಡುತ್ತವೆ.

## 1. ಹೊರಡುವ ಮೊದಲು: ದಿನ ಮತ್ತು ಟಿಕೆಟ್

ಭಾನುವಾರ ಬೇಡ. ಮಿನ್‌ಸ್ಟರ್ ಈಗಲೂ ಪೂಜೆ ನಡೆಯುವ ಚರ್ಚು. ಭಾನುವಾರ ಬೆಳಗ್ಗೆ ಪ್ರಾರ್ಥನೆಗಳು ಇರುವುದರಿಂದ ಪ್ರವಾಸಿಗರನ್ನು ಮಧ್ಯಾಹ್ನದ ಹೊತ್ತಿಗೆ ಬಿಡುತ್ತಾರೆ, ಅದೂ ಸ್ವಲ್ಪ ಹೊತ್ತಿಗೆ. ಶನಿವಾರ ಬಾಗಿಲೇನೋ ತೆರೆದಿರುತ್ತದೆ, ಆದರೆ ಜನ ಜಾಸ್ತಿ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಸಿಕ್ಕರೆ ಒಳ್ಳೆಯದು.

ದಿನ ಗೊತ್ತುಮಾಡುವ ಮೊದಲು ಮಿನ್‌ಸ್ಟರ್‌ನ ವೆಬ್‌ಸೈಟಿನಲ್ಲಿ ಆ ದಿನದ ವೇಳಾಪಟ್ಟಿ ತೆರೆದು ನೋಡಿ. ಯಾರ್ಕ್ ಸೇಂಟ್ ಜಾನ್ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭ ಇದೇ ಚರ್ಚಿನೊಳಗೆ ನಡೆಯುತ್ತದೆ. ಸಂಗೀತ ಕಛೇರಿಗಳೂ ಇರುತ್ತವೆ. ಅಂಥ ದಿನ ಅರ್ಧ ಕಟ್ಟಡ ಕುರ್ಚಿಗಳ ಹಿಂದೆ ಹೋಗಿಬಿಡುತ್ತದೆ, ಕೆಲವೊಮ್ಮೆ ಇಡೀ ದಿನ ಪ್ರವೇಶವೇ ಇರುವುದಿಲ್ಲ.

ಗೋಪುರ ಹತ್ತುವ ಆಸೆ ಇದ್ದರೆ ಅದರ ಟಿಕೆಟ್ ಮೊದಲು ನೋಡಿ, ಆಮೇಲೆ ರೈಲಿನದು. ಜನರು ಇದನ್ನು ಉಲ್ಟಾ ಮಾಡುತ್ತಾರೆ. ಗೋಪುರಕ್ಕೆ ಗುಂಪು ಗುಂಪಾಗಿ, ಗೊತ್ತುಮಾಡಿದ ಹೊತ್ತಿಗೆ ಬಿಡುವುದರಿಂದ ಜಾಗ ಕಮ್ಮಿ. ಬೆಳಗ್ಗೆ ಹನ್ನೊಂದೂವರೆ, ಹನ್ನೆರಡರ ಸುಮಾರಿನದು ಸಿಕ್ಕರೆ ಈ ಯೋಜನೆಗೆ ಸರಿಯಾಗಿ ಕೂರುತ್ತದೆ.

ಲಂಡನ್ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ವೇಗದ ರೈಲಿನಲ್ಲಿ ಸುಮಾರು 2 ಗಂಟೆ. ಲೀಡ್ಸ್‌ನಿಂದ ಅರ್ಧ ಗಂಟೆಯೊಳಗೆ ಬರಬಹುದು. ಲಂಡನ್ನಿನಿಂದ ಬೆಳಗ್ಗೆ ಎಂಟಕ್ಕೆ ಹೊರಟು ಎಲ್ಲ ನೋಡುತ್ತೇವೆ ಅಂದುಕೊಂಡರೆ ಆಗುವುದಿಲ್ಲ. ಹಿಂದಿನ ರಾತ್ರಿಯೇ ಬಂದು ಉಳಿಯಿರಿ, ಇಲ್ಲವೇ ಆರರ ಸುಮಾರಿನ ರೈಲು ಹಿಡಿಯಿರಿ.

ಚಳಿಗಾಲದಲ್ಲಿ ಇನ್ನೊಂದು ಲೆಕ್ಕ ಇದೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಗಾಜಿನ ಕಿಟಕಿ ನೋಡಲು ಬಂದವರಿಗೆ ಅಲ್ಲಿಗೆ ದಿನ ಮುಗಿಯಿತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಈ ತಲೆನೋವಿಲ್ಲ.

## 2. ಏನು ತೆಗೆದುಕೊಂಡು ಹೋಗಬೇಕು

ಸಣ್ಣ ಬೈನಾಕ್ಯುಲರ್. ಇದನ್ನು ಬಿಟ್ಟು ಹೋಗಲೇಬೇಡಿ. ಕಿಟಕಿಗಳ ಚಿತ್ರಗಳು ತುಂಬಾ ಎತ್ತರದಲ್ಲಿವೆ. ಮೊಬೈಲಿನಲ್ಲಿ ಜೂಮ್ ಮಾಡಿದರೆ ಬಣ್ಣ ಕಾಣುತ್ತದೆ, ಮುಖ ಕಾಣುವುದಿಲ್ಲ.

ಹಿಡಿತ ಇರುವ ಶೂ. ಓಣಿಗಳಲ್ಲಿ ಗುಂಡುಕಲ್ಲಿನ ನೆಲ. ಮಳೆ ಬಿದ್ದರೆ ಜಾರುತ್ತದೆ. ಊರಿಂದ ಬಂದ ಅಪ್ಪ ಅಮ್ಮನನ್ನು ಚಪ್ಪಲಿಯಲ್ಲಿ ಕರೆದುಕೊಂಡು ಹೋಗಬೇಡಿ. ಚರ್ಚಿನೊಳಗೆ ಶೂ ಬಿಚ್ಚುವ ಪದ್ಧತಿ ಇಲ್ಲ, ಆದ್ದರಿಂದ ಅದರ ಚಿಂತೆ ಬೇಡ. ಗಂಡಸರು ಟೋಪಿ ತೆಗೆಯುವುದು ವಾಡಿಕೆ.

ಒಂದು ಸ್ವೆಟರ್. ಜುಲೈನಲ್ಲೂ ಬೇಕಾಗುತ್ತದೆ. ಕಲ್ಲಿನ ಕಟ್ಟಡ, ಒಳಗೆ ತಣ್ಣಗಿರುತ್ತದೆ. ಗೋಪುರದ ಮೇಲೆ ಗಾಳಿ.

ಬುತ್ತಿ. ಸಸ್ಯಾಹಾರಿಗಳಿಗೆ ಇದು ಮುಖ್ಯ. ಯಾರ್ಕ್‌ಶೈರ್ ಸೀಮೆಯಲ್ಲಿ ಚಿಪ್ಸ್ ಅನ್ನು ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ರೂಢಿ, ಈಗಲೂ ಬಹಳ ಅಂಗಡಿಗಳಲ್ಲಿ ಹಾಗೇ ಮಾಡುತ್ತಾರೆ. "ಆಲೂಗಡ್ಡೆ ತಾನೆ" ಅಂತ ಸುಮ್ನೆ ತಿನ್ನಬೇಡಿ, ಯಾವ ಎಣ್ಣೆ ಅಂತ ಕೇಳಿ. ಪುಳಿಯೋಗರೆ, ಚಪಾತಿ ಪಲ್ಯ ಕಟ್ಟಿಕೊಂಡು ಬಂದರೆ ಸಾಲಿನಲ್ಲಿ ನಿಲ್ಲುವ ಹೊತ್ತೂ ಉಳಿಯುತ್ತದೆ.

ಸೂಟ್‌ಕೇಸ್ ಎಳೆದುಕೊಂಡು ಚರ್ಚಿಗೆ ಹೋಗಬೇಡಿ. ಹೋಟೆಲಿನಲ್ಲೋ ಸ್ಟೇಷನ್ ಹತ್ತಿರ ಲಗೇಜ್ ಇಡುವ ಜಾಗದಲ್ಲೋ ಬಿಟ್ಟು ಹೊರಡಿ.

## 3. ಬೆಳಗ್ಗೆ ಎಂಟೂವರೆ: ಮೊದಲು ಕೋಟೆ ಗೋಡೆ

ಸ್ಟೇಷನ್ನಿನಿಂದ ನೇರ ಮಿನ್‌ಸ್ಟರ್‌ಗೆ ಓಡುವುದು ಮೊದಲ ತಪ್ಪು. ಅದು ಸಾಮಾನ್ಯವಾಗಿ ತೆರೆಯುವುದು ಒಂಬತ್ತೂವರೆಗೆ. ಕೋಟೆ ಗೋಡೆಯ ಬಾಗಿಲು ಎಂಟಕ್ಕೇ ತೆರೆಯುತ್ತಾರೆ, ದುಡ್ಡೂ ಕೊಡಬೇಕಾಗಿಲ್ಲ. ಉಳಿದ ಆ ಒಂದು ಗಂಟೆ ಗೋಡೆಗೆ.

ಲೆಂಡಲ್ ಸೇತುವೆ ದಾಟಿದರೆ ಎಡಕ್ಕೆ ಮ್ಯೂಸಿಯಂ ಗಾರ್ಡನ್ಸ್. ತೆರೆದಿದ್ದರೆ ಒಳಗೆ ಹೋಗಿ ಮಲ್ಟ್ಯಾಂಗ್ಯುಲರ್ ಟವರ್ ಎದುರು ಎರಡು ನಿಮಿಷ ನಿಲ್ಲಿ. ಕೆಳಗಿನ ಅರ್ಧದಲ್ಲಿ ಸಣ್ಣ ಸಣ್ಣ ಕಲ್ಲು, ನಡುವೆ ಕೆಂಪು ಇಟ್ಟಿಗೆಯ ಪಟ್ಟಿ. ಅದು ರೋಮನ್ನರದು. ಮೇಲಿನ ದೊಡ್ಡ ಕಲ್ಲುಗಳು, ಬಾಣ ಬಿಡುವ ಸೀಳುಗಳು ಮಧ್ಯಯುಗದವು. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಹತ್ತಿದರೆ ಆಮೇಲೆ ಊರೆಲ್ಲ ಅದನ್ನೇ ಹುಡುಕುತ್ತೀರಿ.

ಅಲ್ಲಿಂದ ಬೂಥಮ್ ಬಾರ್‌ಗೆ ಬನ್ನಿ. ದಾರಿ ಕೇಳುವಾಗ ಒಂದು ಎಚ್ಚರ: ಈ ಊರಿನಲ್ಲಿ ಕೋಟೆ ಬಾಗಿಲಿಗೆ ಬಾರ್ ಅನ್ನುತ್ತಾರೆ, ಬೀದಿಯ ಹೆಸರು ಗೇಟ್ ಅಂತ ಮುಗಿಯುತ್ತದೆ. ಸ್ಟೋನ್‌ಗೇಟ್‌ನಲ್ಲಿ ಬಾಗಿಲು ಹುಡುಕುತ್ತ ನಿಂತವರು ಬಹಳ ಮಂದಿ.

ಪೂರ್ತಿ ಗೋಡೆ ಸುಮಾರು 3.4 ಕಿಲೋಮೀಟರ್. ಅಷ್ಟೂ ಸುತ್ತಲು ಹೋಗಬೇಡಿ, ಬೆಳಗು ಅಲ್ಲೇ ಕಳೆದುಹೋಗುತ್ತದೆ. ಬೂಥಮ್ ಬಾರ್‌ನಲ್ಲಿ ಹತ್ತಿ ಮಾಂಕ್ ಬಾರ್‌ನಲ್ಲಿ ಇಳಿಯಿರಿ. ಮೆಲ್ಲಗೆ ನಡೆದರೂ ಕಾಲು ಗಂಟೆಯ ದಾರಿ. ಬಲಗಡೆ ಹಿತ್ತಿಲ ತೋಟಗಳ ಆಚೆ ಮಿನ್‌ಸ್ಟರ್‌ನ ಇಡೀ ಉದ್ದ ಕಾಣುತ್ತದೆ. ನೆಲದ ಮೇಲೆ ಎಲ್ಲಿ ನಿಂತರೂ ಅಷ್ಟು ಉದ್ದ ಒಟ್ಟಿಗೆ ಸಿಗುವುದಿಲ್ಲ. ಒಳಗೆ ಹೋಗುವ ಮೊದಲು ಅದರ ಆಕಾರವನ್ನು ಇಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಪಶ್ಚಿಮಕ್ಕೆ ಎರಡು ಗೋಪುರ, ನಡುವೆ ದಪ್ಪ ಚೌಕದ ಒಂದು, ಉತ್ತರಕ್ಕೆ ಅಂಟಿಕೊಂಡ ಎಂಟು ಮೂಲೆಯ ಒಂದು ಕಟ್ಟಡ.

ಎಚ್ಚರಿಕೆ: ಗೋಡೆಯ ಒಳಬದಿಗೆ ಎಲ್ಲ ಕಡೆ ಕಂಬಿ ಇಲ್ಲ. ಚಿಕ್ಕ ಮಕ್ಕಳ ಕೈ ಬಿಡಬೇಡಿ. ತಳ್ಳುಗಾಡಿ ಮೇಲೆ ಬರುವುದಿಲ್ಲ. ಮಾಂಕ್ ಬಾರ್ ಮೆಟ್ಟಿಲು ಕಿರಿದು ಮತ್ತು ಕಡಿದು, ಮೊಣಕಾಲು ನೋವಿನವರು ಕೆಳಗಿನ ಬೀದಿಯಲ್ಲೇ ಬರುವುದು ವಾಸಿ. ಹಿಮ ಬಿದ್ದ ದಿನ ಗೋಡೆ ಮುಚ್ಚಿರುತ್ತಾರೆ.

## 4. ಒಳಗೆ ಹೋಗುವ ಮೊದಲು

ಮಾಂಕ್ ಬಾರ್‌ನಿಂದ ಗುಡ್‌ರಮ್‌ಗೇಟ್ ಬೀದಿ ಹಿಡಿದು ಬಲಕ್ಕೆ ಕಾಲೇಜ್ ಸ್ಟ್ರೀಟ್‌ಗೆ ತಿರುಗಿ. ಬಲಗಡೆ ಮರದ ಚೌಕಟ್ಟಿನ ಉದ್ದನೆಯ ಕಟ್ಟಡ ಸೇಂಟ್ ವಿಲಿಯಮ್ಸ್ ಕಾಲೇಜ್. 1465ರ ಸುಮಾರಿನದು, ಮಿನ್‌ಸ್ಟರ್‌ನಲ್ಲಿ ಪೂಜೆ ಮಾಡುವ ಪಾದ್ರಿಗಳು ಉಳಿಯಲು ಕಟ್ಟಿದ್ದು. ಹೊರಗಿನಿಂದ ನೋಡಿದರೆ ಸಾಕು.

ಮುಂದೆ ಬಂದರೆ ಮಿನ್‌ಸ್ಟರ್‌ನ ಪೂರ್ವದ ಗೋಡೆ. ಎಲ್ಲೋ ಒಂದು ಕಡೆ ಸಾರವೆ ಕಟ್ಟಿಯೇ ಇರುತ್ತದೆ. ಇದು ಸುಣ್ಣದ ಕಲ್ಲು, ಸವೆಯುತ್ತಲೇ ಇರುತ್ತದೆ, ಅವರು ಬದಲಿಸುತ್ತಲೇ ಇರುತ್ತಾರೆ. ಫೋಟೊ ಹಾಳಾಯಿತು ಅಂತ ಬೇಜಾರು ಬೇಡ, ಹೊಸ ಕಲ್ಲಿನ ಪಕ್ಕ ಹಳೆಯದು ಎಷ್ಟು ಕರಗಿದೆ ನೋಡಿ.

ದಕ್ಷಿಣದ ಬಾಗಿಲ ಹತ್ತಿರ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ಕುಳಿತ ಪ್ರತಿಮೆ ಇದೆ. ಗುಂಪಿನಲ್ಲಿ ಬಂದವರು ಚದುರಿದರೆ ಮತ್ತೆ ಸೇರುವ ಜಾಗ ಅಂತ ಅದನ್ನೇ ಗೊತ್ತುಮಾಡಿ. "ಬಾಗಿಲ ಹತ್ತಿರ" ಅಂದರೆ ಆಗುವುದಿಲ್ಲ, ಬಾಗಿಲುಗಳು ಬಹಳ ಇವೆ.

## 5. ಮಿನ್‌ಸ್ಟರ್ ಒಳಗೆ: ಪೂರ್ವದಿಂದ ಶುರು

ಒಳಗೆ ಕಾಲಿಟ್ಟವರೆಲ್ಲ ಮೊದಲ ಕಂಬದ ಹತ್ತಿರವೇ ತಲೆ ಎತ್ತಿ ನಿಂತುಬಿಡುತ್ತಾರೆ. ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ನೀವು ನಿಲ್ಲದೆ ಪೂರ್ವದ ತುದಿಗೆ ನಡೆಯಿರಿ. ನಡುವಿನ ಗೋಪುರದ ಕೆಳಗೆ ಹಾದು, ಹಾಡುಗಾರರ ಜಾಗವಾದ ಕ್ವಾಯರ್‌ನ ಪಕ್ಕದ ಪಡಸಾಲೆಯಲ್ಲಿ ಸಾಗಿದರೆ ಕೊನೆಗೆ ಗ್ರೇಟ್ ಈಸ್ಟ್ ವಿಂಡೊ. ಬೆಳಗಿನ ಬಿಸಿಲು ನೇರ ಅದರ ಹಿಂದಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬಂದರೆ ಇದೇ ಗಾಜು ಮಂಕಾಗಿ ಕಾಣುತ್ತದೆ, ಮೋಡದ ದಿನವಾದರೆ ಕೇಳುವುದೇ ಬೇಡ.

ಈ ಕಿಟಕಿಯನ್ನು ಕಾವೆಂಟ್ರಿಯ ಜಾನ್ ಥಾರ್ನ್‌ಟನ್ 1405ರಿಂದ 1408ರೊಳಗೆ ಮಾಡಿ ಮುಗಿಸಿದ. ಒಂದು ಟೆನಿಸ್ ಅಂಗಳದಷ್ಟು ಗಾಜು. ಸುಮ್ಮನೆ ನೋಡಿದರೆ ಬಣ್ಣದ ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ, ಎರಡು ನಿಮಿಷಕ್ಕೆ ಕಣ್ಣು ಸೋಲುತ್ತದೆ. ಓದುವ ಕ್ರಮ ಗೊತ್ತಿರಬೇಕು.

ಮೊದಲು ತುತ್ತತುದಿ ನೋಡಿ. ಅಲ್ಲಿ ಪುಸ್ತಕ ಹಿಡಿದು ಕುಳಿತ ದೇವರು. ಅದರ ಕೆಳಗಿನ ಕವಲುಗಳಲ್ಲಿ ದೇವದೂತರು, ಪ್ರವಾದಿಗಳು. ಅವರನ್ನು ಬಿಡಿ. ಚೌಕಗಳು ಸಾಲಾಗಿ ಶುರುವಾಗುವ ಕಡೆ ಬನ್ನಿ. ಒಂದು ಸಾಲಿಗೆ 9 ಚೌಕ. ಮೊದಲ 3 ಸಾಲು ಬೈಬಲ್ಲಿನ ಹಳೆಯ ಒಡಂಬಡಿಕೆ: ಎಡ ತುದಿಯಲ್ಲಿ ಸೃಷ್ಟಿಯ ಮೊದಲ ದಿನ, ಹೀಗೇ ಬಲಕ್ಕೆ ಓದುತ್ತ ಹೋದರೆ ಆದಾಮ, ನೋಹನ ಹಡಗು, ಮೋಶೆ, ದಾವೀದ. ಅದರ ಕೆಳಗಿನ 9 ಸಾಲು ಲೋಕದ ಕೊನೆಯ ಕಥೆ. ತುತ್ತೂರಿ ಊದುವ ದೂತರು, ಏಳು ತಲೆಯ ಮೃಗ, ಕುದುರೆ ಸವಾರರು, ಉರಿಯುವ ಊರು. ಅಂದರೆ ಕಥೆಯ ಚೌಕಗಳು 27 ಮತ್ತು 81, ಒಟ್ಟು 108. ನಮ್ಮವರಿಗೆ ನೆನಪಿಡಲು ಕಷ್ಟವಿಲ್ಲದ ಸಂಖ್ಯೆ! ತಳದ ಇನ್ನೊಂದು ಸಾಲಿನಲ್ಲಿ ರಾಜರು, ಸಂತರು, ನಡುವೆ ದುಡ್ಡು ಕೊಟ್ಟ ಬಿಷಪ್.

ಎಲ್ಲ 108 ನೋಡುವ ಹಟ ಬೇಡ. ಬೈನಾಕ್ಯುಲರ್ ಹಿಡಿದು ಮೊದಲ ಸಾಲನ್ನು ಪೂರ್ತಿ ಓದಿ, ಆಮೇಲೆ ಕೆಳಗಿನ ಸಾಲುಗಳಲ್ಲಿ ಏಳು ತಲೆಯ ಮೃಗ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಿ. ಮಕ್ಕಳಿದ್ದರೆ ಈ ಕೆಲಸ ಅವರಿಗೇ ಕೊಡಿ, ನಿಮಗಿಂತ ಬೇಗ ಹುಡುಕುತ್ತಾರೆ. ಕುರ್ಚಿ ಸಿಕ್ಕರೆ ಕುಳಿತೇ ನೋಡಿ, ಕತ್ತು ಹಿಡಿದುಕೊಂಡರೆ ದಿನವೆಲ್ಲ ಕಾಟ.

## 6. ಉತ್ತರದ ಕಡೆ: ಐದು ಅಕ್ಕತಂಗಿಯರು ಮತ್ತು ಚಾಪ್ಟರ್ ಹೌಸ್

ವಾಪಸ್ ನಡುವಿನ ಗೋಪುರದ ಕಡೆ ಬನ್ನಿ. ಅಲ್ಲಿ 15 ರಾಜರ ಕಲ್ಲಿನ ಮೂರ್ತಿಗಳ ಅಡ್ಡಗೋಡೆ. ಮೊದಲನೆಯವನು 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ, ಕೊನೆಯವನು ಆರನೆಯ ಹೆನ್ರಿ. ಎಡಕ್ಕೆ 7, ಬಲಕ್ಕೆ 8, ಹೀಗಾಗಿ ಬಾಗಿಲು ನಡುವೆ ಇಲ್ಲ.

ಚರ್ಚು ಶಿಲುಬೆಯ ಆಕಾರದ್ದು. ಅದರ ಉತ್ತರದ ತೋಳಿನಲ್ಲಿ ಫೈವ್ ಸಿಸ್ಟರ್ಸ್, 1260ರ ಸುಮಾರಿನ ಐದು ಉದ್ದ ಕಿಟಕಿಗಳು. ಒಂದೊಂದೂ 16 ಮೀಟರ್ ಎತ್ತರ. ಇವು ಬೂದು ಹಸಿರು ಬಣ್ಣ, ಕಥೆಯಿಲ್ಲ, ಚಿತ್ರವಿಲ್ಲ, ಬರೀ ಎಲೆ ಮತ್ತು ಗೆರೆ. ದೂರದಿಂದ ನೋಡುವ ಕಿಟಕಿ ಇದು, ಹತ್ತಿರ ಹೋದರೆ ಏನೂ ಸಿಗುವುದಿಲ್ಲ. ದಕ್ಷಿಣದ ತೋಳಿನವರೆಗೆ ಹಿಂದೆ ಸರಿದು ನಿಲ್ಲಿ. ಬಿಸಿಲಿನ ಹಂಗಿಲ್ಲದ್ದರಿಂದ ಯಾವ ಹೊತ್ತಿಗೂ ನಡೆಯುತ್ತದೆ.

ಅದರ ಪಕ್ಕದ ಬಾಗಿಲಿನಿಂದ ಒಂದು ತಿರುವಿನ ಓಣಿ ಹಾದರೆ ಚಾಪ್ಟರ್ ಹೌಸ್, ಪಾದ್ರಿಗಳು ಸಭೆ ಸೇರುವ ಕೋಣೆ. ಗೋಡೆಯ ಮೇಲಿನಿಂದ ನೋಡಿದಿರಲ್ಲ, ಎಂಟು ಮೂಲೆಯ ಕಟ್ಟಡ, ಅದೇ ಇದು. ಇಷ್ಟು ಅಗಲದ ಕೋಣೆಗೆ ನಡುವೆ ಒಂದೂ ಕಂಬ ಇಲ್ಲ. ಮೇಲಿನ ಭಾರವನ್ನು ಹೊತ್ತಿರುವುದು ಛಾವಣಿಯೊಳಗಿನ ಮರದ ಅಟ್ಟಣಿಗೆ. ಇಲ್ಲಿ ಜನ ಮಾಡುವ ತಪ್ಪು ಅಂದರೆ ನಡುವೆ ನಿಂತು, ಮೇಲೆ ನೋಡಿ, ಫೋಟೊ ತೆಗೆದು ಹೊರಡುವುದು. ಗೋಡೆಗೆ ಅಂಟಿ ನಡೆಯಿರಿ. ಆಸನಗಳ ಮೇಲಿನ ಪುಟ್ಟ ಮಾಡಗಳ ಅಂಚಿಗೆ ಕಲ್ಲಿನ ತಲೆಗಳಿವೆ, ಹೆಚ್ಚಿನವು ಮುಷ್ಟಿಯ ಗಾತ್ರದವು. ನಗುವ ಹೆಂಗಸು, ನಾಲಿಗೆ ಚಾಚಿದವನು, ಕೋತಿ, ಎಲೆಯೊಳಗಿಂದ ಇಣುಕುವ ಮುಖ. ಬೇಲೂರಿನಲ್ಲಿ ಗೋಡೆಯ ಕೆಳಸಾಲಿನ ಆನೆಗಳನ್ನು ಒಂದೊಂದಾಗಿ ನೋಡುವ ತಾಳ್ಮೆ ಇದ್ದವರಿಗೆ ಇಲ್ಲಿ ಹಬ್ಬ. ನನ್ನನ್ನು ಕೇಳಿದರೆ ಇಡೀ ಕಟ್ಟಡದಲ್ಲಿ ಜಾಸ್ತಿ ಹೊತ್ತು ಇಲ್ಲೇ ಇರಬೇಕು. ಕೊನೇ ಪಕ್ಷ ಇಪ್ಪತ್ತು ನಿಮಿಷ ಕೊಡಿ.

## 7. ಗೋಪುರ

ನಿಮ್ಮ ಟಿಕೆಟ್ಟಿನ ಹೊತ್ತಿಗೆ ಹತ್ತು ನಿಮಿಷ ಮೊದಲೇ ಹೋಗಿ ನಿಲ್ಲಿ. ತಡವಾದರೆ ಗುಂಪು ಹೊರಟುಬಿಡುತ್ತದೆ. ಒಟ್ಟು 275 ಮೆಟ್ಟಿಲು, ಲಿಫ್ಟ್ ಇಲ್ಲ. ಮೊದಲ ಸುರುಳಿ ಮೆಟ್ಟಿಲು ಮುಗಿದ ಮೇಲೆ ಹೊರಗೆ ಛಾವಣಿಯ ಅಂಚಿನಲ್ಲಿ ಸ್ವಲ್ಪ ನಡೆಯಬೇಕು. ಆಮೇಲೆ ಎರಡನೆಯ ಸುರುಳಿ, ಅದು ಮೊದಲಿನದಕ್ಕಿಂತ ಉದ್ದ. ಒಬ್ಬರೇ ಹೋಗುವಷ್ಟು ಅಗಲ. ನಡುದಾರಿಯಲ್ಲಿ ಮನಸ್ಸು ಬದಲಾದರೂ ತಿರುಗಿ ಇಳಿಯುವುದು ಸುಲಭವಲ್ಲ, ಹಿಂದೆ ಜನ ಇರುತ್ತಾರೆ.

ಈ ಲಕ್ಷಣ ಇದ್ದರೆ ಹತ್ತಬೇಡಿ: ಎರಡು ಮಹಡಿ ಹತ್ತಿದರೆ ಏದುಸಿರು, ಮೊಣಕಾಲು ಮಡಚಿದರೆ ನೋವು, ಮುಚ್ಚಿದ ಜಾಗದಲ್ಲಿ ಕಸಿವಿಸಿ. ಸೀರೆ ಉಟ್ಟು ಈ ಮೆಟ್ಟಿಲು ಹತ್ತುವುದೂ ಕಷ್ಟ, ನೆರಿಗೆ ಕಾಲಿಗೆ ಸಿಕ್ಕುತ್ತದೆ. ಎಂಟು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಗಾಳಿ ಜೋರಾದರೆ ಎಲ್ಲರಿಗೂ ನಿಲ್ಲಿಸುತ್ತಾರೆ.

ಹತ್ತದವರು ಆ ಹೊತ್ತಿನಲ್ಲಿ ದಕ್ಷಿಣದ ತೋಳಿನಿಂದ ಕೆಳಗಿನ ನೆಲಮಾಳಿಗೆಗೆ, ಅಂದರೆ ಅಂಡರ್‌ಕ್ರಾಫ್ಟ್‌ಗೆ ಇಳಿಯಬಹುದು. ನಡುವಿನ ಗೋಪುರ ಕುಸಿಯುವ ಭಯದಿಂದ 1967ರಲ್ಲಿ ಬುಡ ಅಗೆದಾಗ ರೋಮನ್ ಸೈನ್ಯದ ಕಟ್ಟಡದ ಗೋಡೆಗಳು ಸಿಕ್ಕವು. ಅವನ್ನು ಅಲ್ಲೇ ಉಳಿಸಿದ್ದಾರೆ. ಹಾರ್ನ್ ಆಫ್ ಉಲ್ಫ್ ಎಂಬ ಆನೆದಂತದ ಕೊಂಬೂ ಅಲ್ಲಿದೆ. ಮೇಲೆ ಬಂದಾಗ ದಕ್ಷಿಣದ ದುಂಡನೆಯ ಕಿಟಕಿ ರೋಸ್ ವಿಂಡೊ ನೋಡಿ. 1984ರ ಜುಲೈನಲ್ಲಿ ಬೆಂಕಿ ಬಿದ್ದು ಈ ತೋಳಿನ ಛಾವಣಿ ಪೂರ್ತಿ ಸುಟ್ಟಿತು. ಕಿಟಕಿಯ ಗಾಜು ಸಾವಿರಾರು ಚೂರಾಗಿ ಬಿರುಕು ಬಿಟ್ಟರೂ ಉದುರಲಿಲ್ಲ. ನಡು ಮಧ್ಯಾಹ್ನದ ಬಿಸಿಲು ಇದಕ್ಕೆ ಚೆನ್ನ.

## 8. ಊಟ, ಆಮೇಲೆ ಅಕ್ಕಪಕ್ಕ

ಮಿನ್‌ಸ್ಟರ್‌ನ ಉತ್ತರಕ್ಕೆ ಡೀನ್ಸ್ ಪಾರ್ಕ್ ಇದೆ. ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ. ಬೆಟ್ಟೀಸ್ ಟೀ ಅಂಗಡಿಯ ಸಾಲಿನಲ್ಲಿ ಈಗ ನಿಂತರೆ ಮುಂದಿನ ಒಂದು ಕಟ್ಟಡ ಕೈಬಿಟ್ಟ ಹಾಗೆಯೇ.

ಮಧ್ಯಾಹ್ನದ ಕ್ರಮ ಹೀಗಿರಲಿ.

ಹೋಲಿ ಟ್ರಿನಿಟಿ ಚರ್ಚು, ಗುಡ್‌ರಮ್‌ಗೇಟ್. ಇದನ್ನು ಹುಡುಕಲಾಗದೆ ವಾಪಸಾದವರೇ ಹೆಚ್ಚು. ಅಂಗಡಿಗಳ ನಡುವೆ ಇಟ್ಟಿಗೆಯ ಒಂದು ಸಣ್ಣ ಕಮಾನು, ಅದರೊಳಗೆ ನುಗ್ಗಬೇಕು. ಪಕ್ಕದ ತಗ್ಗು ಮನೆಗಳ ಸಾಲು ಲೇಡಿ ರೋ, 1316ರದು. ಚರ್ಚಿನೊಳಗೆ ನೆಲ ಅಲೆಯಂತೆ ಏರಿಳಿದಿದೆ. ಕುಳಿತುಕೊಳ್ಳಲು ಬಾಗಿಲಿರುವ ಮರದ ಪೆಟ್ಟಿಗೆಗಳು. ಟಿಕೆಟ್ ಇಲ್ಲ, ಆದರೆ ವಾರದ ಎಲ್ಲ ದಿನ ತೆರೆದಿರುವುದಿಲ್ಲ.

ಮರ್ಚೆಂಟ್ ಅಡ್ವೆಂಚರರ್ಸ್ ಹಾಲ್. ಎರಡೂವರೆಯೊಳಗೆ ತಲುಪಿ. ಸಂಜೆ ಬೇಗ ಮುಚ್ಚುತ್ತದೆ, ಜನ ಇದನ್ನು ಕೊನೆಗಿಟ್ಟು ಕಳೆದುಕೊಳ್ಳುತ್ತಾರೆ. 1357ರಲ್ಲಿ ಶುರುಮಾಡಿದ ವ್ಯಾಪಾರಿಗಳ ಸಭಾಭವನ. ಮೇಲೆ ವ್ಯವಹಾರ, ಕೆಳಗೆ ಬಡವರಿಗೆ ಆಸ್ಪತ್ರೆ, ಪಕ್ಕದಲ್ಲಿ ಪ್ರಾರ್ಥನೆಯ ಕೋಣೆ. ದೊಡ್ಡ ಹಾಲಿನ ನಡುವೆ ಓಕ್ ಮರದ ಕಂಬಗಳ ಸಾಲು. ಮೊದಲು ಕೆಳಗಿಳಿದು ಆ ಭಾರ ಹೊತ್ತ ದಪ್ಪ ಕಂಬಗಳನ್ನು ನೋಡಿ, ಆಮೇಲೆ ಮೇಲೆ ಬನ್ನಿ. ಹಾಗೆ ನೋಡಿದರೇ ಮನೆ ಹೇಗೆ ನಿಂತಿದೆ ಅಂತ ಅರ್ಥವಾಗುವುದು.

ಶ್ಯಾಂಬಲ್ಸ್. ಹಿಂದೆ ಕಟುಕರ ಬೀದಿ. ಹನ್ನೊಂದರಿಂದ ನಾಲ್ಕರವರೆಗೆ ಇಲ್ಲಿ ಬರೀ ತಲೆಗಳು ಕಾಣುತ್ತವೆ. ನಾಲ್ಕೂವರೆಗೆ ಹಾದುಹೋದರೆ ಸಾಕು, ರಾತ್ರಿ ಊಟ ಮುಗಿಸಿ ಬಂದರೆ ಇನ್ನೂ ಚೆನ್ನ. ಅಂಗಡಿಯ ಸರಕು ಬಿಟ್ಟು ಕಿಟಕಿಯ ಕೆಳಗಿನ ಅಗಲದ ಹಲಗೆ, ಅದರ ಮೇಲಿನ ಕಬ್ಬಿಣದ ಕೊಕ್ಕೆಗಳನ್ನು ನೋಡಿ. ಮಾಂಸ ನೇತುಹಾಕುತ್ತಿದ್ದದ್ದು ಅವಕ್ಕೇ.

ಟ್ರೆಷರರ್ಸ್ ಹೌಸ್ ಮಿನ್‌ಸ್ಟರ್ ಹಿಂದೆಯೇ ಇದೆ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸದಸ್ಯರಾಗಿದ್ದರೆ ಹೋಗಿ. ಹಳೆಯ ಕೋಟೆಯ ಗೋಪುರ ಕ್ಲಿಫರ್ಡ್ಸ್ ಟವರ್ ಇವತ್ತಿನ ಪಟ್ಟಿಯಲ್ಲಿ ಬೇಡ. 1190ರಲ್ಲಿ ಊರಿನ ಯಹೂದಿಗಳು ಅಲ್ಲಿ ಸಿಕ್ಕಿ ಸತ್ತ ಜಾಗ ಅದು, ಹತ್ತು ನಿಮಿಷದಲ್ಲಿ ಓಡಿಬರುವಂಥದ್ದಲ್ಲ.

## 9. ಸಂಜೆ: ಮತ್ತೆ ಒಳಗೆ, ಈ ಸಲ ಟಿಕೆಟ್ ಇಲ್ಲದೆ

ಸಂಜೆಯ ಹಾಡಿನ ಪ್ರಾರ್ಥನೆ ಈವನ್‌ಸಾಂಗ್. ವಾರದ ದಿನ ಸಾಮಾನ್ಯವಾಗಿ ಐದೂವರೆಗೆ, ಸುಮಾರು ಮುಕ್ಕಾಲು ಗಂಟೆ. ದುಡ್ಡಿಲ್ಲ, ಯಾವ ಧರ್ಮದವರೂ ಬರಬಹುದು. ಐದು ಗಂಟೆಗೆ ಬಂದು ಬಾಗಿಲಲ್ಲಿರುವವರಿಗೆ ಈವನ್‌ಸಾಂಗ್‌ಗೆ ಬಂದಿದ್ದೇವೆ ಅಂತ ಹೇಳಿ. ಬೇಗ ಬಂದವರಿಗೆ ಹಾಡುಗಾರರ ಪಕ್ಕದಲ್ಲೇ, ಮರದ ಆಸನಗಳಲ್ಲಿ ಜಾಗ ಸಿಗುತ್ತದೆ. ಶಾಲೆಗೆ ರಜೆ ಇರುವಾಗ ಮಕ್ಕಳ ಗಾಯನವೃಂದ ಇರುವುದಿಲ್ಲ, ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ.

ಮೊಬೈಲ್ ಪೂರ್ತಿ ಆಫ್. ಫೋಟೊ, ವಿಡಿಯೊ ಇಲ್ಲ. ಬೇರೆಯವರು ಎದ್ದಾಗ ಏಳಿ, ಕುಳಿತಾಗ ಕುಳಿತುಕೊಳ್ಳಿ. ಹಾಡು ಎಷ್ಟೇ ಚೆನ್ನಾಗಿದ್ದರೂ ಚಪ್ಪಾಳೆ ಹೊಡೆಯಬೇಡಿ. ನಡುವೆ ಎದ್ದು ಸುತ್ತಾಡಲು ಬಿಡುವುದಿಲ್ಲ, ಹಟ ಮಾಡುವ ಮಗು ಇದ್ದರೆ ಹಿಂದಿನ ತುದಿಯ ಆಸನ ಹಿಡಿಯಿರಿ.

ಮುಗಿದ ಮೇಲೆ ಪಶ್ಚಿಮದ ಹಜಾರದ ಕಡೆ ಬಿಟ್ಟರೆ, ಬೇಸಿಗೆಯಲ್ಲಿ ಬಿಸಿಲು 1338ರ ಪಶ್ಚಿಮದ ಕಿಟಕಿಯ ಹಿಂದಿರುತ್ತದೆ. ಅದರ ಮೇಲ್ಭಾಗದ ಕಲ್ಲಿನ ಗೆರೆಗಳು ಹೃದಯದ ಆಕಾರದಲ್ಲಿವೆ. ಹಾದಿಯಲ್ಲಿ ಉತ್ತರದ ಗೋಡೆಯ ಮೇಲ್ಸಾಲು ನೋಡಿ, ಚಿನ್ನದ ಬಣ್ಣದ ಒಂದು ಡ್ರ್ಯಾಗನ್ ತಲೆ ಹೊರಗೆ ಚಾಚಿದೆ.

## 10. ಯೋಜನೆ ಕೆಡುತ್ತಿದೆ ಅಂತ ತಿಳಿಯುವುದು ಹೇಗೆ

ಹನ್ನೊಂದಾದರೂ ಪೂರ್ವದ ಕಿಟಕಿ ನೋಡಿಲ್ಲವೆಂದರೆ ಅಂಡರ್‌ಕ್ರಾಫ್ಟ್ ಬಿಡಿ. ಮಧ್ಯಾಹ್ನ ಒಂದೂವರೆಗೂ ಮಿನ್‌ಸ್ಟರ್ ಒಳಗೇ ಇದ್ದರೆ ಹೋಲಿ ಟ್ರಿನಿಟಿ ಬಿಟ್ಟು ನೇರ ಮರ್ಚೆಂಟ್ ಅಡ್ವೆಂಚರರ್ಸ್ ಹಾಲ್‌ಗೆ ನಡೆಯಿರಿ. ಗುಂಪಿನಲ್ಲಿ ಯಾರಾದರೂ "ನೀವು ನೋಡಿ, ನಾನು ಇಲ್ಲೇ ಕೂತಿರುತ್ತೇನೆ" ಅನ್ನಲು ಶುರುಮಾಡಿದರೆ ಎಲ್ಲರೂ ಅರ್ಧ ಗಂಟೆ ಕೂತು ಟೀ ಕುಡಿಯಿರಿ.

ಕೈಯಲ್ಲಿ ಮೂರೇ ಗಂಟೆ ಇದ್ದರೆ: ಬೆಳಗಾದರೆ ಬೂಥಮ್ ಬಾರ್‌ನಿಂದ ಮಾಂಕ್ ಬಾರ್‌ವರೆಗಿನ ಗೋಡೆ, ಪೂರ್ವದ ಕಿಟಕಿ, ಚಾಪ್ಟರ್ ಹೌಸ್. ಮಧ್ಯಾಹ್ನವಾದರೆ ಟಿಕೆಟ್ಟಿಗೆ ದುಡ್ಡು ಹಾಕಬೇಡಿ. ಹೋಲಿ ಟ್ರಿನಿಟಿ, ಶ್ಯಾಂಬಲ್ಸ್, ಗೋಡೆ ನೋಡಿಕೊಂಡು ಐದಕ್ಕೆ ಈವನ್‌ಸಾಂಗ್‌ಗೆ ಬನ್ನಿ. ವಾಪಸ್ ರೈಲನ್ನು ಏಳಕ್ಕೆ ಮೊದಲು ಹಾಕಿಕೊಳ್ಳಬೇಡಿ. ಮಿನ್‌ಸ್ಟರ್‌ನಿಂದ ಸ್ಟೇಷನ್ನಿಗೆ ಕಾಲು ಗಂಟೆಯ ನಡಿಗೆ, ಅಪ್ಪ ಅಮ್ಮ ಜೊತೆಗಿದ್ದರೆ ಇಪ್ಪತ್ತೈದು ನಿಮಿಷ ಅಂತ ಲೆಕ್ಕ ಇಡಿ.